ಉಳ್ಳಾಗಡ್ಡಿ ಹೊರಲು, ದೋಣಿ ಎಳೆಯಲು: ಪಿಕಪ್ ಕೊಳ್ಳುವ ಮುನ್ನ

ಡಿಸೆಂಬರ್, ಜನವರಿ ಬಂತೆಂದರೆ ಸೋಲಾಪುರದ ಶ್ರೀ ಸಿದ್ಧೇಶ್ವರ ಕೃಷಿ ಉತ್ಪನ್ನ ಬಾಜಾರ ಸಮಿತಿಯ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕಿನ ಉಳ್ಳಾಗಡ್ಡಿಯ ಜೊತೆಗೆ ಗಡಿಯಾಚೆಯ ವಿಜಯಪುರ, ಕಲಬುರಗಿ ಜಿಲ್ಲೆಗಳ ಮಾಲೂ ಇಲ್ಲಿಗೇ ಬರುತ್ತದೆ. ಮೂರ್ನಾಲ್ಕು ಎಕರೆಯಲ್ಲಿ ಉಳ್ಳಾಗಡ್ಡಿ ಹಚ್ಚಿದವನಿಗೆ ಲಾರಿ ದೊಡ್ಡದಾಯಿತು, ಟ್ರ್ಯಾಕ್ಟರ್ ನಿಧಾನವಾಯಿತು. ಹಾಗಾಗಿ ಪಿಕಪ್. ನಾಗಣಸೂರು, ತೋಳನೂರು, ದುಧನಿ, ಮೈಂದರಗಿಯ ಕಡೆ ಇಂದು ಮನೆಗೊಂದು ಎತ್ತಿನ ಜೋಡಿ ಇಲ್ಲದಿದ್ದರೂ ಓಣಿಗೊಂದು ಪಿಕಪ್ ಇದೆ.

ಕೊಳ್ಳಲು ಹೋದವರು ಶೋರೂಮಿನಲ್ಲಿ ಕೇಳುವುದು ಎರಡೇ ಪ್ರಶ್ನೆ: ಮೈಲೇಜ್ ಎಷ್ಟು, ಚೀಲ ಎಷ್ಟು ಹಿಡಿಸುತ್ತವೆ? ಮೊದಲನೆಯದಕ್ಕೆ ಉತ್ತರ ರಸ್ತೆ, ಭಾರ, ಓಡಿಸುವವನ ಕಾಲಿನ ಮೇಲೆ ನಿಂತಿದೆ. ಎರಡನೆಯದು ಸರಿಯಾದ ಪ್ರಶ್ನೆ, ಆದರೆ ಅದಕ್ಕೆ ಉತ್ತರ ಹುಡುಕುವ ಜಾಗ ತಪ್ಪು. ಚೀಲ ಎಷ್ಟು ಹಿಡಿಸುತ್ತವೆ ಎಂಬುದನ್ನು ಹಿಂದಿನ ಬಾಡಿಯ ಉದ್ದ ಹೇಳುವುದಿಲ್ಲ. ಅದನ್ನು ಹೇಳುವುದು ಆರ್‌ಸಿ ಕಾರ್ಡಿನ ಮೇಲಿರುವ ಎರಡು ಅಂಕಿ: ಖಾಲಿ ಗಾಡಿಯ ತೂಕ, ಮತ್ತು ಭಾರ ಸೇರಿ ಇರಬಹುದಾದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ಉಳಿದದ್ದರಲ್ಲಿ ಚಾಲಕನ ತೂಕ, ಪಕ್ಕದಲ್ಲಿ ಕೂತವರ ತೂಕ ಕಳೆಯಿರಿ. ಇನ್ನು ಉಳಿದದ್ದಷ್ಟೇ ನಿಮ್ಮ ಮಾಲಿನದು.

50 ಕಿಲೋ ಚೀಲದ ಲೆಕ್ಕದಲ್ಲಿ 1.3 ಟನ್ನಿನ ಪಿಕಪ್ಪಿಗೆ 26 ಚೀಲ, 1.7 ಟನ್ನಿನದಕ್ಕೆ 34, 2 ಟನ್ನಿನದಕ್ಕೆ 40. ಮುಂದೆ ಮೂವರು ಕೂತರೆ ಅದರಲ್ಲಿಯೇ ಮೂರ್ನಾಲ್ಕು ಚೀಲ ಹೋಯಿತು. ಗಾಡಿ ತಂದ ಮೇಲೆ ಬಾಡಿಗೆ ಕಬ್ಬಿಣದ ಹಲಗೆ ಏರಿಸಿ, ಮುಂದೆ ದಪ್ಪ ಪೈಪಿನ ಗಾರ್ಡ್ ಹಾಕಿ, ತಲೆಯ ಮೇಲೆ ಕ್ಯಾರಿಯರ್ ಕೂರಿಸಿದರೆ ಇನ್ನೂ ಒಂದೆರಡು ಚೀಲದ ಪಾಲು ಕಬ್ಬಿಣಕ್ಕೆ ಸಂದಿತು. ಇದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ನೀವು ಹಿಡಿಯಿರಿ. ಹೊಸ ಬಾಡಿ ಕಟ್ಟಿಸಿದ ಮೇಲೆ ಒಮ್ಮೆ ಖಾಲಿ ಗಾಡಿಯನ್ನು ವಜನ್ ಕಾಟಾಕ್ಕೆ ಹತ್ತಿಸಿ ಚೀಟಿ ತೆಗೆದುಕೊಂಡು ಗಾಡಿಯಲ್ಲಿಯೇ ಇಟ್ಟುಕೊಳ್ಳಿ.

"ಎಲ್ಲರೂ 50 ಚೀಲ ಹೇರುತ್ತಾರೆ, ಏನೂ ಆಗುವುದಿಲ್ಲ" ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. 50 ಚೀಲ ಎಂದರೆ ಎರಡೂವರೆ ಟನ್. ಎಂಜಿನ್ ಅದನ್ನು ಎಳೆಯುತ್ತದೆ, ನಿಜ. ನಿಲ್ಲಿಸಬೇಕಾದದ್ದು ಬ್ರೇಕು. ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ಓಡುವ ದೂರ ಎರಡೂಕಾಲು ಪಟ್ಟು ಆಗುತ್ತದೆ. ಅದರ ಮೇಲೆ ಮಿತಿಗಿಂತ ಹೆಚ್ಚಿನ ಭಾರ ಸೇರಿದಾಗ ಡ್ರಮ್ಮು ಕಾದು ಹಿಡಿತ ಸಡಿಲವಾಗುತ್ತದೆ. ಅಕ್ಕಲಕೋಟ-ಸೋಲಾಪುರ ರಸ್ತೆಯ ಸುಮಾರು 40 ಕಿಲೋಮೀಟರಿನಲ್ಲಿ ಎಮ್ಮೆ ಹಿಂಡು, ಕಬ್ಬಿನ ಟ್ರೇಲರು, ಸ್ವಾಮಿ ಸಮರ್ಥರ ದರ್ಶನಕ್ಕೆ ನಡೆದು ಹೊರಟ ಭಕ್ತರು ಎಲ್ಲಿ ಬೇಕಾದರೂ ಎದುರಾಗುತ್ತಾರೆ. ಅಲ್ಲಿ ಕಾಯುವುದು ಬ್ರೇಕ್ ಒಂದೇ. ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನ ಪ್ರಕಾರ ಮಿತಿಮೀರಿದ ಭಾರಕ್ಕೆ ಮೊದಲು 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ದಾರಿ ಸಿಕ್ಕಂತೆ.

ಈಗ ಗಡಿಯವರಾದ ನಮಗೆ ಮುಖ್ಯವಾದ ಇನ್ನೊಂದು ಅಂಕಿ: 3,000. ಭಾರ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ ಎಂದು ಕಾಯ್ದೆಯ 66ನೆಯ ಕಲಮು ಹೇಳುತ್ತದೆ. 1.7 ಟನ್ ಹೊರುವ ಗಾಡಿಯ ಸ್ವಂತ ತೂಕವೇ ಒಂದೂವರೆ ಟನ್ನಿನ ಮೇಲಿರುವುದರಿಂದ ಅದು ಈ ಗೆರೆ ದಾಟುತ್ತದೆ. 1.3 ಟನ್ ಹೊರುವ ಹೆಚ್ಚಿನ ಗಾಡಿಗಳು ಗೆರೆಯ ಒಳಗೇ ಉಳಿಯುತ್ತವೆ, ಆದರೂ ಆರ್‌ಸಿಯ ಅಂಕಿ ನೋಡದೆ ನಂಬಬೇಡಿ. ಇವತ್ತು ಸೋಲಾಪುರದ ಅಡತಿಗೆ, ನಾಳೆ ಟಾಕಳಿ ಸೇತುವೆ ದಾಟಿ ವಿಜಯಪುರಕ್ಕೆ, ನಾಡಿದ್ದು ಕಲಬುರಗಿಗೆ ಹೋಗುವವನಿಗೆ ಇದು ಸಣ್ಣ ವಿಷಯವಲ್ಲ. ದೊಡ್ಡ ಗಾಡಿ ತೆಗೆದುಕೊಂಡರೆ ಗಡಿ ದಾಟಲು ತಕ್ಕ ಪರ್ಮಿಟ್ಟಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.

ಲೈಸೆನ್ಸಿನ ಗೊಂದಲ ಈಗ ಬಗೆಹರಿದಿದೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಓಡಿಸಬಹುದು, ಬೇರೆ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿತು. ಫಿಟ್ನೆಸ್ ಪ್ರಮಾಣಪತ್ರ ಮಾತ್ರ ಮರೆಯಬಾರದು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಿಂದಿನ ಬಾಡಿಯಲ್ಲಿ ಜನರನ್ನು ತುಂಬುವ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಬೇಡ. ಗುರುಪೂರ್ಣಿಮೆಗೆ ಅಕ್ಕಲಕೋಟ, ಸಂಕ್ರಾಂತಿಗೆ ಸೋಲಾಪುರದ ಗಡ್ಡಾ ಜಾತ್ರೆ ಎಂದು ಹೆಂಗಸರು ಮಕ್ಕಳನ್ನು ಸರಕಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ನಡೆದೇ ಇದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆ, ಹಾಗೆ ಸುಮ್ಮನೆ ಹತ್ತಿದವರಿಗೆ ಇಲ್ಲ.

ಮಾಲು ನೋಡಿ ಗಾಡಿ

ಉಳ್ಳಾಗಡ್ಡಿ ತೂಕದ ಮಾಲು. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಿಂದ ಹೊರಡುವ ಚಾದರ, ಟವೆಲ್ ಗಂಟುಗಳಿಗೆ ತೂಕಕ್ಕಿಂತ ಜಾಗ ಹೆಚ್ಚು ಬೇಕು. ದ್ರಾಕ್ಷಿ, ದಾಳಿಂಬೆಗೆ ಕುಲುಕು ಆಗದು. ಹಿಂದಿನ ಸ್ಪ್ರಿಂಗ್ ಪಾಟಾ ಎರಡು ಟನ್ನಿಗೆ ಬಿಗಿಯಾಗಿರುವ ಗಾಡಿಯಲ್ಲಿ ಅರ್ಧ ಟನ್ ದ್ರಾಕ್ಷಿಯ ಕ್ರೇಟು ಹಾಕಿದರೆ ಪಾಟಾ ಬಾಗುವುದೇ ಇಲ್ಲ, ಪ್ರತಿ ಗುಂಡಿಯ ಹೊಡೆತವೂ ಕ್ರೇಟಿಗೇ. ಸೋಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅಂಥ ಹಣ್ಣನ್ನು ಜಜ್ಜಿಸಿಕೊಂಡು ಪೇಟೆಗೆ ಒಯ್ದರೆ ಬೆಲೆ ಬೀಳುವುದು ಹಣ್ಣಿನ ತಪ್ಪಲ್ಲ. ಹಣ್ಣೇ ಮುಖ್ಯ ಬೆಳೆಯಾದವರು 1 ಟನ್ನಿನಿಂದ 1.3 ಟನ್ನಿನೊಳಗಿನ ಗಾಡಿ ನೋಡುವುದು ಒಳ್ಳೆಯದು.

ಪೇಟೆಯಲ್ಲಿರುವ ಗಾಡಿಗಳು ಸ್ಥೂಲವಾಗಿ ಹೀಗಿವೆ. ಮಹೀಂದ್ರದ ಬೊಲೆರೊ ಪಿಕಪ್ ಮತ್ತು ಅದರ ಹೊಸ ಸಾಲಾದ ಬೊಲೆರೊ ಮ್ಯಾಕ್ಸ್ ಪಿಕಪ್ 1.3 ಟನ್ನಿನಿಂದ 2 ಟನ್ನಿನವರೆಗೆ ಸಿಗುತ್ತವೆ. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ಎಳೆಯುವ ಬಲ 200ರಿಂದ 220 ನ್ಯೂಟನ್ ಮೀಟರ್. ಟಾಟಾದ ಯೋಧಾ 2.0 ಬಂದದ್ದು 2022ರಲ್ಲಿ, 2 ಟನ್ ಹೊರುತ್ತದೆ, 250 ನ್ಯೂಟನ್ ಮೀಟರ್. ಅದೇ ಕಂಪನಿಯ ಇಂಟ್ರಾ ವಿ30 ಗಾಡಿ 1.3 ಟನ್, ವಿ50 ಒಂದೂವರೆ ಟನ್. ಅಶೋಕ್ ಲೇಲ್ಯಾಂಡಿನ ಬಡಾ ದೋಸ್ತ್ 2020ರಿಂದ ಇದೆ. ಇಸುಝು ಡಿ-ಮ್ಯಾಕ್ಸ್ ನಮ್ಮ ಕಡೆ ಕಡಿಮೆ. ಆ ಕಂಪನಿಯ ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎರಡೂ ಮನೆಯ ಬಳಕೆಯ ದುಬಾರಿ ಗಾಡಿಗಳು. ಉಳ್ಳಾಗಡ್ಡಿ ಹೊತ್ತು ಅವು ತಮ್ಮ ಬೆಲೆಯನ್ನು ತೀರಿಸಲಾರವು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ. ಕೊಟೇಶನ್ ಕೈಗೆ ಬಂದಾಗ ಆ ಸಾಲನ್ನು ನೋಡಿಯೇ ಮುಂದಿನ ಮಾತು.

ನ್ಯೂಟನ್ ಮೀಟರಿನ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂಬುದನ್ನೂ ಓದಿ. ಎರೆ ಹೊಲದ ಬದುವಿನಿಂದ ತುಂಬಿದ ಗಾಡಿಯನ್ನು ಮೇಲೆತ್ತುವಾಗ ಎಂಜಿನ್ ನಿಧಾನವಾಗಿಯೇ ತಿರುಗುತ್ತಿರುತ್ತದೆ. ಬಲ ಬೇಕಾದದ್ದು ಅಲ್ಲಿ. ಮಳೆ ಬಿದ್ದ ಎರೆ ಮಣ್ಣಿನಲ್ಲಿ ನಾಲ್ಕೂ ಚಕ್ರ ತಿರುಗುವ ಗಾಡಿ ಬೇಕೇ ಎಂದು ಹಲವರು ಕೇಳುತ್ತಾರೆ. ಹೊಲದ ಹಾದಿ ವರ್ಷದಲ್ಲಿ ಕೆಲವೇ ವಾರ ಕೆಸರಾಗುವುದಾದರೆ ಬೇಡ, ಆ ವಾರಗಳಲ್ಲಿ ಟ್ರ್ಯಾಕ್ಟರಿನಲ್ಲಿ ಡಾಂಬರು ರಸ್ತೆಯವರೆಗೆ ತಂದು ಪಿಕಪ್ಪಿಗೆ ಹೇರಿ. ಎರೆ ಮಣ್ಣು ಟೈರಿನ ಗೆರೆಗಳಲ್ಲಿ ತುಂಬಿ ಟೈರು ಬೋಳಾದ ಮೇಲೆ ನಾಲ್ಕು ಚಕ್ರವೂ ಜಾರುತ್ತವೆ.

ಬಿಎಸ್-6 ಡೀಸೆಲ್ ಗಾಡಿಗಳ ಒಂದು ಸ್ವಭಾವ ಹೇಳಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಸೈಲೆನ್ಸರಿನ ದಾರಿಯಲ್ಲಿರುತ್ತದೆ. ಊರಿಂದ ಹೊಲಕ್ಕೆ, ಹೊಲದಿಂದ ಡೇರಿಗೆ ಎಂದು ಬರೀ ಎರಡು-ಮೂರು ಕಿಲೋಮೀಟರ್ ಓಡಿಸಿದರೆ ಎಂಜಿನ್ ಪೂರ್ತಿ ಕಾಯದೆ ಮಸಿ ಕಟ್ಟಿಕೊಳ್ಳುತ್ತದೆ, ಮುಂದೆ ಎಚ್ಚರಿಕೆ ದೀಪ ಹೊತ್ತುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ದೂರ ಓಡಿಸಿದರೆ ಮಸಿ ಉರಿದು ಹೋಗುತ್ತದೆ. ನಿಮ್ಮ ಓಡಾಟವೆಲ್ಲ ಊರೊಳಗೇ ಎಂದಾದರೆ ಸಿಎನ್‌ಜಿ ಅಥವಾ ಪೆಟ್ರೋಲಿನ ಸಣ್ಣ ಗಾಡಿಯನ್ನೇ ಯೋಚಿಸಿ.

ದೋಣಿ ಎಳೆಯುವವರಿಗೆ

ಸೋಲಾಪುರ ಒಣ ಜಿಲ್ಲೆ ಎಂಬ ಹೆಸರಿದ್ದರೂ ಇಲ್ಲಿ ನೀರಿನ ಮೇಲೆ ಬದುಕುವವರು ಕಡಿಮೆ ಇಲ್ಲ. ಉಜನಿ ಜಲಾಶಯದ ಹಿನ್ನೀರು ಇದೆ, ಬೋರಿ ನದಿಗೆ ಕುರನೂರು ಧರಣ ಇದೆ, ಹತ್ತರಸಂಗ ಕೂಡಲದಲ್ಲಿ ಭೀಮೆ-ಸೀನೆ ಸೇರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ, 2025ರ ಸೆಪ್ಟೆಂಬರಿನಲ್ಲಿ ಸೀನೆ ಉಕ್ಕಿದಾಗ ದೋಣಿ ಬೇಗ ಬಂದ ಊರಿಗೂ ತಡವಾಗಿ ಬಂದ ಊರಿಗೂ ಇದ್ದ ಅಂತರವನ್ನು ದಂಡೆಯವರಿಗೆ ಹೇಳಿಕೊಡಬೇಕಿಲ್ಲ. ಪಿಕಪ್ ಹಿಂದೆ ದೋಣಿ ಕಟ್ಟಿ ಎಳೆಯುವ ಯೋಚನೆ ಬರುವುದು ಇಂಥ ಕಡೆಯೇ.

ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಒಂದೇ ಜಲಾಶಯದಲ್ಲಿ ಮೀನು ಹಿಡಿಯುವವರಿಗೆ ದೋಣಿ ಎಳೆಯುವ ಗಾಡಿ ಬೇಕಿಲ್ಲ. ದೋಣಿ ದಂಡೆಯಲ್ಲಿಯೇ ಇರುತ್ತದೆ, ದಿನಾ ಊರಿಗೆ ಬರಬೇಕಾದದ್ದು ಮೀನು. ಕೆಡದಂತೆ ಒಯ್ಯಲು ಮೀನಿನಷ್ಟೇ ತೂಕದ ಮಂಜುಗಡ್ಡೆ ಬೇಕು, ಅಂದರೆ 500 ಕಿಲೋ ಮೀನಿಗೆ 500 ಕಿಲೋ ಮಂಜು, ಒಟ್ಟು ಒಂದು ಟನ್. ಅವರು ಹುಡುಕಬೇಕಾದದ್ದು ಶಾಖ ತಡೆಯುವ ಪೆಟ್ಟಿಗೆ ಕೂರಿಸಬಹುದಾದ 1.3 ಟನ್ನಿನ ಗಾಡಿ. ಪೆಟ್ಟಿಗೆಯ ತೂಕವನ್ನು ಆ 1.3 ಟನ್ನಿನಲ್ಲಿಯೇ ಕಳೆಯಬೇಕು.

ದೋಣಿಯನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸಬೇಕಾದವರು ವಿಹಾರದ ದೋಣಿ ನಡೆಸುವವರು ಮತ್ತು ಪ್ರವಾಹಕ್ಕೆಂದು ದೋಣಿ ಇಡುವವರು. ಅವರಿಗೆ ಲೆಕ್ಕ ಹೀಗೆ. 15 ಅಡಿಯ ಫೈಬರ್ ದೋಣಿ 250 ಕಿಲೋ, ಹಿಂದಿನ ಎಂಜಿನ್ 80 ಕಿಲೋ, ಇಂಧನ, ಲೈಫ್ ಜಾಕೆಟ್, ಹಗ್ಗ ಸೇರಿ 70, ಟ್ರೇಲರಿನ ಸ್ವಂತ ತೂಕ 250 ಎಂದಿಟ್ಟುಕೊಂಡರೆ 650 ಕಿಲೋ ಆಯಿತು. ಪಿಕಪ್ಪಿನ ಬಲಕ್ಕೆ ಇದು ದೊಡ್ಡದಲ್ಲ. ಆದರೆ ನಮ್ಮಲ್ಲಿ ಮಾರುವ ಹೆಚ್ಚಿನ ಪಿಕಪ್‌ಗಳ ಮಾಹಿತಿ ಪತ್ರದಲ್ಲಿ ಎಷ್ಟು ಹೊರಬಹುದೆಂದು ಇರುತ್ತದೆ, ಎಷ್ಟು ಎಳೆಯಬಹುದೆಂದು ಇರುವುದಿಲ್ಲ. ಮಾರಾಟಗಾರನ ಬಾಯಿಮಾತು ಸಾಲದು. ಎಳೆಯಬಹುದಾದ ಭಾರವನ್ನು ಕಂಪನಿಯಿಂದ ಬರಹದಲ್ಲಿ ಕೇಳಿ. ಕೊಡದಿದ್ದರೆ ಆ ಗಾಡಿ ಬಿಡಿ.

ಯುರೋಪಿನ ನಿಯಮದಂತೆ 750 ಕಿಲೋ ಮೀರಿದ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕು. ನಮ್ಮ ರಸ್ತೆಗೂ ಆ ಗೆರೆ ಒಳ್ಳೆಯದು. ಟ್ರೇಲರಿನ ಮೂತಿ ಕೊಕ್ಕೆಯ ಮೇಲೆ ಒತ್ತುವ ಭಾರ ಒಟ್ಟು ತೂಕದ ಹತ್ತನೆಯ ಒಂದು ಪಾಲಿನಷ್ಟಿರಲಿ, 650ಕ್ಕೆ ಸುಮಾರು 65 ಕಿಲೋ. ಮನೆಯಲ್ಲಿ ತೂಕ ನೋಡುವ ಯಂತ್ರವನ್ನು ಕೊಕ್ಕೆಯ ಎತ್ತರಕ್ಕೆ ಇಟ್ಟಿಗೆ ಪೇರಿಸಿ ಇಟ್ಟು ಮೂತಿಯನ್ನು ಅದರ ಮೇಲಿಟ್ಟರೆ ತಿಳಿದುಬಿಡುತ್ತದೆ. ಮೂತಿ ಹಗುರಾದರೆ ವೇಗದಲ್ಲಿ ಟ್ರೇಲರು ಹಾವಿನಂತೆ ಓಲಾಡತೊಡಗುತ್ತದೆ, ಓಲಾಟ ಶುರುವಾದ ಮೇಲೆ ಬ್ರೇಕ್ ಒತ್ತಿದರೆ ಹೆಚ್ಚೇ ಆಗುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗನ್ನು ನೇರ ಹಿಡಿದು ವೇಗ ಇಳಿಯಲು ಬಿಡಬೇಕು. ದೋಣಿಯನ್ನು ಒಂದಿಷ್ಟು ಮುಂದೆ ಸರಿಸಿ ಕಟ್ಟಿದರೆ ಮೂತಿಗೆ ಭಾರ ಬರುತ್ತದೆ. ಈ ಮೂತಿಯ ಭಾರವೂ ಪಿಕಪ್ ಹೊರುವ ಭಾರದಲ್ಲಿ ಸೇರಿದ್ದು.

ಕೊಕ್ಕೆಯನ್ನು ಹಿಂದಿನ ಬಂಪರಿಗೆ ಬೆಸೆಯುವುದು ಬೇಡವೇ ಬೇಡ. ಅದು ಎರಡೂ ಕಡೆ ಚಾಸಿಯ ಉದ್ದ ಪಟ್ಟಿಗಳಿಗೆ, ಕಂಪನಿ ಬಿಟ್ಟ ತೂತುಗಳಲ್ಲಿ, ಬೋಲ್ಟಿನಿಂದ ಕೂರಬೇಕು. ಕೊಕ್ಕೆ ಕಳಚಿದರೂ ಮೂತಿ ನೆಲಕ್ಕೆ ಬಡಿಯದಂತೆ ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಬೇಕು. ಟ್ರೇಲರ್ ಕೂಡ ಕಾನೂನಿನ ಕಣ್ಣಿನಲ್ಲಿ ಒಂದು ವಾಹನವೇ, ಅದಕ್ಕೆ ನೋಂದಣಿ ಬೇಕು, ಹಿಂದೆ ದೀಪಗಳು ಬೇಕು. ಊರ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿದ್ದನ್ನು ತರುವ ಮೊದಲು ಎಂಎಚ್-13ರ ಆರ್‌ಟಿಓ ಕಚೇರಿಯಲ್ಲಿ ಕೇಳಿ.

ನೀರಿಗೆ ಇಳಿಸುವ ಹೊತ್ತು ಇನ್ನೂ ಕಠಿಣ. ನಮ್ಮ ಪಿಕಪ್‌ಗಳಲ್ಲಿ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಹಿಂದಿನ ಬಾಡಿ ಖಾಲಿಯಿದ್ದರೆ ಆ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ, ಒದ್ದೆ ದಂಡೆಯಲ್ಲಿ ಗಿರಗಿರ ತಿರುಗಿ ಕುಳಿ ತೋಡಿಕೊಳ್ಳುತ್ತವೆ. ನಾಲ್ಕು ಚಕ್ರದ ಗಾಡಿಗೆ ಬೆಲೆ ಬರುವುದು ಇಲ್ಲಿ. ಅದಿಲ್ಲದಿದ್ದರೆ ನಾಲ್ಕೈದು ಚೀಲ ಮರಳನ್ನು ಹಿಂದಿನ ಅಚ್ಚಿನ ನೇರಕ್ಕೆ ಇಟ್ಟುಕೊಳ್ಳಿ. ಭೀಮೆಯ ದಂಡೆಯ ಹೂಳಿನಲ್ಲಿ ಅದೂ ಸಾಲದು, ರಸ್ತೆಯವರೆಗೆ ಪಿಕಪ್, ನೀರಿಗೆ ಇಳಿಸಲು ಟ್ರ್ಯಾಕ್ಟರ್ ಎಂಬ ಏರ್ಪಾಟೇ ಒಳ್ಳೆಯದು. ದೂರ ಓಡಿಬಂದ ಟ್ರೇಲರಿನ ಚಕ್ರದ ಗುಂಬ ಬಿಸಿಯಾಗಿರುತ್ತದೆ. ತಕ್ಷಣ ನೀರಿಗಿಳಿಸಿದರೆ ಅದು ತಣಿದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಬೇರಿಂಗ್ ಹೋಗುತ್ತದೆ. ಮುಟ್ಟಿ ನೋಡಿ, ತಣಿದ ಮೇಲೆ ಇಳಿಸಿ, ವಾಪಸು ಬಂದ ಮೇಲೆ ಗ್ರೀಸ್ ಹಾಕಿ. ಹರಿಯುವ ನೆರೆನೀರಿಗೆ ಪಿಕಪ್ ಇಳಿಸುವ ಸಾಹಸ ಮಾತ್ರ ಯಾರೂ ಮಾಡಬಾರದು. ಎರಡು ಅಡಿ ನೀರಿನ ಸೆಳೆತ ಸಾಕು, ಗಾಡಿಯನ್ನು ಎತ್ತಿ ಒಯ್ಯುತ್ತದೆ.

ಹಳೆಯ ಗಾಡಿ ಕೊಳ್ಳುವವರು

ಹಳೆಯ ಪಿಕಪ್ ನೋಡಲು ಹೋದಾಗ ಎಂಜಿನ್ನಿಗಿಂತ ಮೊದಲು ಕೆಳಗೆ ಬಗ್ಗಿ ನೋಡಿ. ಹಿಂದಿನ ಸ್ಪ್ರಿಂಗ್ ಪಾಟಾ ಚಾಸಿಗೆ ಸೇರುವ ಜಾಗದಲ್ಲಿ ಹೊಸ ಬಣ್ಣ ಬಳಿದಿದ್ದರೆ, ವೆಲ್ಡಿಂಗಿನ ಉಬ್ಬು ಕೈಗೆ ಸಿಕ್ಕರೆ, ಆ ಗಾಡಿ ಮಿತಿಮೀರಿ ಹೊತ್ತು ಬಿರುಕು ಬಿಟ್ಟದ್ದು. ಪಾಟಾದ ಪಟ್ಟಿಗಳನ್ನು ಎಣಿಸಿ, ಎಡಕ್ಕೂ ಬಲಕ್ಕೂ ಹೋಲಿಸಿ. ಹೊಳೆಯುವ ಹೊಸ ಪಟ್ಟಿ ಒಂದು ಹೆಚ್ಚಾಗಿ ಸೇರಿದ್ದರೂ ಅರ್ಥ ಅದೇ. ಬಾಡಿಯ ತಳದ ತಗಡಿನ ಮೂಲೆ ಕೆರೆದು ನೋಡಿ. ಯೂರಿಯಾ, ಡಿಎಪಿ ಚೀಲ ಹೊತ್ತ ಗಾಡಿಯಲ್ಲಿ ಚೆಲ್ಲಿದ ಗೊಬ್ಬರ ತೇವ ಹಿಡಿದು ತಗಡನ್ನು ತಿಂದಿರುತ್ತದೆ. ಟೈರಿನ ಪಕ್ಕದಲ್ಲಿ ಬರೆದ ಭಾರದ ಅಂಕಿಯನ್ನೂ ಓದಿ: 100 ಎಂದಿದ್ದರೆ ಒಂದು ಟೈರು 800 ಕಿಲೋ, 104 ಎಂದಿದ್ದರೆ 900 ಕಿಲೋ ಹೊರುತ್ತದೆ. ಮಾರುವವರು ಅಗ್ಗದ ಟೈರು ಹಾಕಿ ಗಾಡಿ ಮಿಂಚಿಸುವುದುಂಟು.

ಬೀಗರು, ನೆಂಟರು ಗಡಿಯಾಚೆ ಇರುವುದರಿಂದ ಕೆಎ-28, ಕೆಎ-32ರ ಗಾಡಿಗಳು ನಮ್ಮ ಕಡೆ ಸುಲಭವಾಗಿ ಬರುತ್ತವೆ. ಅಂಥದ್ದನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಿದ್ದರೆ ಮಹಾರಾಷ್ಟ್ರದ ನಂಬರಿಗೆ ಬದಲಿಸಬೇಕು. ಮೂಲ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ, ಸಾಲ ತೀರಿದ್ದಕ್ಕೆ ಫಾರ್ಮ್ 35, ಹೆಸರು ಬದಲಿಗೆ 29 ಮತ್ತು 30 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ, ನೆಂಟರಾದರೂ ಸರಿ. ಬಾಕಿ ಚಲನ್ ಇದೆಯೇ ಎಂಬುದು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ತಿಳಿಯುತ್ತದೆ.

ಹೊಸದಾದರೂ ಹಳೆಯದಾದರೂ ಕಂತಿನ ಲೆಕ್ಕವನ್ನು ಉಳ್ಳಾಗಡ್ಡಿಯ ಒಳ್ಳೆಯ ವರ್ಷದ ದರದಿಂದ ಹಾಕಬೇಡಿ. ದರ ಬಿದ್ದ ವರ್ಷದಲ್ಲೂ ಬಾಡಿಗೆಯಿಂದ ಕಂತು ತುಂಬುವಷ್ಟು ಸಣ್ಣ ಗಾಡಿ ನೋಡಿ, ಸುಗ್ಗಿಗೆ ಹೊಂದುವ ಕಂತನ್ನು ಸಾಲ ಕೊಡುವವರ ಹತ್ತಿರ ಕೇಳಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಭಾರಕ್ಕೆ ಲಾರಿ ಬಾಡಿಗೆಗೆ ಸಿಗುತ್ತದೆ. ವಾರ ವಾರ ಹೊರುವ ಭಾರಕ್ಕೆ ಗಾಡಿ ಕೊಳ್ಳಿ. ಬುಕಿಂಗ್ ಹಣ ಕೊಡುವ ಮುನ್ನ ಪ್ರದರ್ಶನದ ಗಾಡಿಗೆ ನಿಮ್ಮ ಮಾಲಿನಷ್ಟೇ ತೂಕ ಹೇರಿಸಿ, ನಿಮ್ಮ ಹೊಲದ ಹಾದಿಯಲ್ಲೇ ಓಡಿಸಿ, ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ನೋಡಿ. ಒಪ್ಪದ ಡೀಲರನ್ನು ಬಿಟ್ಟು ಒಪ್ಪುವವನ ಹತ್ತಿರ ಹೋಗಿ.